ಕೊಸರು ರೊಟ್ಟಿ

ಪರಿಮಳಾ,

ಈ ಪತ್ರ ನಿನಗೆ ಕಳಿಸುವುದಿಲ್ಲ. ಸುರಪುರದಲ್ಲಿ ನೀನೀಗ ನಿನ್ನದೇ ರೊಟ್ಟಿ ಅಂಗಡಿ ಇಟ್ಟಿದ್ದೀಯ. ನಾನು ಬರೆದರೆ ವ್ಯಾಪಾರದ ಮಾತೆಂದುಕೊಂಡೀಯ. ಆದರೂ ಇವತ್ತಿನ ಸುದ್ದಿ ಹೇಳಲು ಬೇರೆ ಯಾರೂ ಇಲ್ಲ.

ಶಹಾಪುರದ ನಮ್ಮ ಕಂಪನಿಯ ಖಡಕ್ ರೊಟ್ಟಿ ಹೈದರಾಬಾದಿಗೂ ಹೋಗುತ್ತದೆ. ಅಲ್ಲಿನ ಅಂಗಡಿಯವನು ಬೆಳಿಗ್ಗೆ ಫೋನು ಮಾಡಿ, ಹತ್ತರ ಪಾಕೀಟಿನಲ್ಲಿ ಹನ್ನೊಂದು ರೊಟ್ಟಿ ಇವೆ, ನಿಮಗೆ ಎಣಿಸಲು ಬರುವುದಿಲ್ಲವೇ ಎಂದ. ಪಾಕೀಟು ಕಟ್ಟುವ ಮೋನಮ್ಮನನ್ನು ಕೇಳಿದೆ.

"ಮ್ಯಾಲೊಂದು ಕೊಸರು ಹಾಕೀವ್ರಿ ಅಕ್ಕಾರ. ಕೊಸರಿಲ್ದ ಗಿರಾಕಿ ಕೈಗೆ ಹ್ಯಾಂಗ ಕೊಡಬೇಕ್ರಿ? ಪರಿಮಳಕ್ಕಾರ ಹಿಂಗೇ ಕಲಿಸ್ಯಾರ."

ರೊಟ್ಟಿ ಬಡಿಯುವ ಹೆಂಗಸರೆಲ್ಲ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಕೊಸರು ಕೊಟ್ಟರೆ ನಷ್ಟವೆಂದು ನಾನು ಹಟ ಹಿಡಿದದ್ದಕ್ಕೇ ನೀನು ಕಂಪನಿ ಬಿಟ್ಟು ಎದ್ದು ಹೋದ ದಿನ ಅವರೂ ಇಲ್ಲೇ ಇದ್ದರು. ಒಂದು ರೊಟ್ಟಿ ಹೆಚ್ಚಿಗೆ ಬರುತ್ತಿದೆಯೆಂದು ಇಷ್ಟು ವರ್ಷ ಯಾದಗಿರಿಯ ಒಬ್ಬ ಗಿರಾಕಿಯೂ ನನಗೆ ಬಾಯಿ ಬಿಟ್ಟಿಲ್ಲ ನೋಡು! ನಾನೋ, ಕಂಪನಿ ಬೆಳೆದದ್ದು ನನ್ನ ಲೆಕ್ಕಾಚಾರದಿಂದ ಎಂದುಕೊಂಡಿದ್ದೆ.

ಹೈದರಾಬಾದಿನವನಿಗೆ ಹೇಳಿಬಿಟ್ಟೆ: ಅದು ನಮ್ಮ ಕಡೆಯ ಪದ್ಧತಿ, ಬಿಡುವುದಿಲ್ಲ. ಅವನು ನಕ್ಕ. ಹೆಂಗಸರ ಕೈ ಮತ್ತೆ ಶುರುವಾಯಿತು. ಆ ಸದ್ದು ಹಿತವಾಗಿತ್ತು.

ಸಂಜೆ ಸುರಪುರದ ಗಾಡಿಯಲ್ಲಿ ಮೋನಮ್ಮ ಒಂದು ಪಾಕೀಟು ಬೇರೆಯಾಗಿ ಇಟ್ಟಳು. ಯಾರಿಗೆಂದು ನಾನು ಕೇಳಲಿಲ್ಲ.

ಬಿಚ್ಚಿದಾಗ ಎಣಿಸಿ ನೋಡು.