ಕಾಗದ ಕತ್ತರಿಸಿ ನೋಡಿದ ಚೂರಿ

ಸಾಣೆ ಅಂಗಡಿಯಿಂದ,
ಹದಿನಾಲ್ಕನೇ ತಾರೀಖು, ಸೋಮವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಜೈಲಿನ ನೆಲ ತಣ್ಣಗಿರುತ್ತದೆ, ಇನ್ನೊಂದು ಕಂಬಳಿ ಕೇಳಿ ಇಸಿದುಕೊಳ್ಳಿ. ಕೇಳುವಾಗ ಮಾತ್ರ ಕೈ ಎತ್ತಬೇಡಿ. ನನ್ನ ಎಡ ಎದೆ ಕೊಯ್ದ ಜಾಗ ಒಣಗಿದೆ. ಔಷಧ ಏರಿಸುವುದೂ ಮುಗಿಯಿತು. ತಲೆಯ ಮೇಲೆ ಈಗ ನಿಮ್ಮ ಮೂರು ದಿನದ ಗಡ್ಡದಷ್ಟು ಕೂದಲಿದೆ. ಮೊದಮೊದಲು ಕನ್ನಡಿ ಕಂಡರೆ ಮೈ ಉರಿಯುತ್ತಿತ್ತು. ಒಂದು ದಿನ ಸುತ್ತಿಗೆ ಎಸೆದು ಪುಡಿ ಮಾಡಿದೆ. ನಿಮ್ಮ ಜೊತೆ ಇಪ್ಪತ್ತು ವರ್ಷ ಬಾಳಿದ್ದಕ್ಕೆ ಅಷ್ಟಾದರೂ ಕಲಿಯಬೇಡವೇ!

ಅದನ್ನು ಕೇಳಿ ಔಷಧ ಏರಿಸುತ್ತಿದ್ದ ನರ್ಸಮ್ಮ ಬೈದಳು. "ಸುಮ್ನೆ ಗೋಡೆ ನೋಡ್ಕೊಂಡು ಕೂತ್ರೆ ಹುಚ್ಚು ಹಿಡಿಯುತ್ತೆ ಕಣಮ್ಮಾ, ಕೈಗೂ ತಲೆಗೂ ಏನಾದ್ರೂ ಕೆಲಸ ಕೊಡು" ಅಂದಳು. ಹಾಗಾಗಿ ನಿಮ್ಮ ಅಂಗಡಿಯ ಬಾಗಿಲು ತೆಗೆದೆ. ಬಡಗಿಗಳ ಗರಗಸದ ಹಲ್ಲು ಬಾಗಿಸುತ್ತೇನೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಔಷಧದಿಂದ ತಲೆ ಎಷ್ಟು ಮಂಕಾಗಿತ್ತೆಂದರೆ ನಾಲ್ಕನೇ ಹಲ್ಲಿಗೇ ಎಡವೋ ಬಲವೋ ಮರೆತುಹೋಗುತ್ತಿತ್ತು. ಈಗ ಇಡೀ ಗರಗಸ ತಪ್ಪಿಲ್ಲದೆ ಮುಗಿಸುತ್ತೇನೆ. ಸಾಣೆ ಹಿಡಿದದ್ದನ್ನು ಕಾಗದ ಕತ್ತರಿಸಿ ನೋಡದೆ ಗಿರಾಕಿಗೆ ಕೊಡಬಾರದು ಅನ್ನುವ ನಿಮ್ಮ ಪದ್ಧತಿಯನ್ನೂ ಬಿಟ್ಟಿಲ್ಲ. ಬೆರಳ ತುದಿ ಇನ್ನೂ ಜೋಮು. ಮೊನ್ನೆ ಹೆಬ್ಬೆರಳು ಮೂಳೆಯವರೆಗೆ ಸೀಳಿದ್ದು ಗೊತ್ತಾದದ್ದು ಚಕ್ರ ಮುಖಕ್ಕೆ ರಕ್ತ ಚಿಮ್ಮಿಸಿದಾಗಲೇ. ಆದರೂ ಉಕ್ಕನ್ನು ಒತ್ತಿ ಕಿಡಿ ಹಾರಿಸುವಾಗ ಆ ಹಾಳು ಗಡ್ಡೆಯನ್ನೇ ಅರೆದು ಕೊಲ್ಲುತ್ತಿದ್ದೇನೆ ಅನ್ನಿಸಿ ಹಿತವಾಗುತ್ತದೆ.

ಶುಕ್ರವಾರ ಬಿಡುಗಡೆ ಅಂತ ನಿಮ್ಮ ಕಾಗದದಲ್ಲಿ ಓದಿ ಅತ್ತುಬಿಟ್ಟೆ. ಮುಂದಿನ ಸಾಲನ್ನು ಎರಡು ಸಲ ಓದಿದೆ. "ಬಾಗಿದ ಚೂರಿ ಸಾಣೆ ಹಿಡಿದಿಡು, ಆ ಲ್ಯಾಬಿನವನ ಇನ್ನೊಂದು ಕಣ್ಣೂ ಕೀಳ್ತೀನಿ." ಮೂರು ತಿಂಗಳು ನನ್ನ ರಿಪೋರ್ಟ್ ಕೊಡದೆ ಗಡ್ಡೆ ಬೆಳೆಯಲು ಬಿಟ್ಟ ಅಂತ ನಿಮ್ಮ ಸಿಟ್ಟು. ಆವತ್ತು ಅವನ ಕುತ್ತಿಗೆ ಹಿಡಿದು ಮುಖವನ್ನು ಕೌಂಟರಿನ ಗಾಜಿಗೆ ಚಚ್ಚಿದಿರಿ, ಗಾಜು ಒಡೆದ ಮೇಲೂ ಬಿಡಲಿಲ್ಲ. "ನಿಮ್ಮ ಹೆಂಡ್ತಿ ಕೈಗೇ ಕೊಟ್ಟಿದ್ದೀನಿ ಸಾರ್" ಅಂತ ಅವನು ರಕ್ತ ಉಗುಳುತ್ತಾ ಅರಚಿದ. "ಸುಳ್ಳು ಬೊಗಳ್ತೀಯಾ" ಅಂತ ಮತ್ತೆ ಎರಡು ಸಲ ಚಚ್ಚಿದಿರಿ. ನಾನು ಬಾಗಿಲಲ್ಲೇ ನಿಂತಿದ್ದೆ. ಈಗ ಅವನು ಚೀಟಿಯನ್ನು ಮೂಗಿನ ಹತ್ತಿರ ಹಿಡಿದು, ಉಳಿದ ಒಂದೇ ಕಣ್ಣಲ್ಲಿ ಓದಿ ಹೆಸರು ಕೂಗುತ್ತಾನೆ. ನನ್ನ ಸರದಿ ಬಂದರೆ ಎದ್ದು ಒಳಗೆ ಹೋಗುತ್ತಾನೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಇನ್ನು ನಾಲ್ಕು ದಿನ ಯಾರ ತಂಟೆಗೂ ಹೋಗಬೇಡಿ.

ಸದಾ ನಿಮ್ಮ ಒಳಿತನ್ನೇ ಬೇಡುವ,
ನಿಮ್ಮವಳು

ಮತ್ತೆ: ಅಂಚೆಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ, ಗೀಚುತ್ತಿದ್ದೇನೆ. ಚೂರಿ ಸಾಣೆ ಹಿಡಿದೆ, ಕಾಗದ ಕತ್ತರಿಸಿಯೂ ನೋಡಿದೆ. ಆ ಕಾಗದದ ಎರಡು ತುಂಡನ್ನೂ ಇದರೊಳಗೆ ಇಟ್ಟಿದ್ದೇನೆ, ಜೋಡಿಸಿ ಓದಿ. ಅದೇ ನನ್ನ ರಿಪೋರ್ಟ್. ಡಾಕ್ಟರ್ ನೋಡಿದ್ದು ಆಮೇಲೆ ತೆಗೆಸಿದ ನಕಲು, ಇದು ಅಸಲು. ಕೆಳಗೆ ಪಡೆದುಕೊಂಡವರ ಸಹಿ, ತಾರೀಖು ನೋಡಿ; ಸಹಿ ನನ್ನದು. ಓದಿದ ದಿನ ನಿಮಗೆ ಹೇಳಲು ಧೈರ್ಯ ಬರಲಿಲ್ಲ, ಎಣ್ಣೆ ಬಟ್ಟೆಯ ಡಬ್ಬಿಯ ತಳಕ್ಕೆ ಹಾಕಿದೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಮೂರು ತಿಂಗಳಾಯಿತು. ಶುಕ್ರವಾರ ಲ್ಯಾಬಿಗೆ ಹೋಗಬೇಡಿ, ನೆಟ್ಟಗೆ ಇಲ್ಲಿಗೆ ಬನ್ನಿ. ಚೂರಿ ಚಕ್ರದ ಪಕ್ಕದಲ್ಲಿದೆ. ನಾನೂ ಅಲ್ಲೇ ಕೂತಿರುತ್ತೇನೆ.