ಸ್ಟಾಪ್ ಇಲ್ಲದ ಕಡೆ

ಫೆಬ್ರವರಿ 3, ಸೋಮವಾರ. ಸಂಜೆ

ಕೈಯಿಂದ ಇಂಕು ಹೋಗುತ್ತಿಲ್ಲ. ಸೀಮೆಎಣ್ಣೆ ಹಾಕಿ ಉಜ್ಜಿದರೂ ಉಗುರಿನ ಸಂದಿಯಲ್ಲಿ ನೀಲಿ. ಎಲೆಕ್ಷನ್ ಸೀಸನ್. ಪ್ರೆಸ್ಸಿನಲ್ಲಿ ಮಷಿನ್ ನಿಲ್ಲಿಸುವ ಹಾಗೇ ಇಲ್ಲ. ಬೆಳಿಗ್ಗೆ ಎದುರು ಪಾರ್ಟಿಯ ಕರಪತ್ರ, ಹಸಿರು. ಊಟವಾದ ಮೇಲೆ ನಮ್ಮ ಪಾರ್ಟಿಯದು, ನೀಲಿ. "ನಮ್ಮ" ಎಂದು ಬರೆಯುವುದು ಅಣ್ಣನಿಂದ ಅಂಟಿದ ಚಾಳಿ. ಮೀಸೆ ಕಪ್ಪಗಿದ್ದಾಗಿನಿಂದ ಅವನು ವಾರ್ಡ್ ಸೆಕ್ರೆಟರಿ.

ನೀಲಿ ಪಾರ್ಟಿಯ ಕ್ಯಾಂಡಿಡೇಟ್ ಸಾಹೇಬರ ಆಫೀಸಿನಿಂದ ಫೋನ್. ಪೋಸ್ಟರಿನಲ್ಲಿ ಸಾಹೇಬರ ಹಲ್ಲು ಇನ್ನೂ ಬೆಳ್ಳಗಾಗಬೇಕಂತೆ. ಮಾಡಿದೆ. "ಇನ್ನೂ ಬೆಳ್ಳಗೆ ಮಾಡಿದ್ರೆ ಬರೀ ಪೇಪರ್ ಉಳಿಯುತ್ತೆ" ಎಂದೆ. ಪ್ರೆಸ್ಸಿನ ಯಜಮಾನರು ನಕ್ಕು ನಕ್ಕು ಕೆಮ್ಮಿದರು.

ಎರಡನ್ನೂ ಪಕ್ಕಪಕ್ಕ ಒಣಗಲು ಹಾಕಿದ್ದೆ. ಹಸಿರಿನವರು: "ಹೊರಗಿನವರನ್ನು ಹೊರಗೇ ಇಡುತ್ತೇವೆ." ನೀಲಿಯವರು: "ಹೊರಗಿನವರ ವಿಷಯದಲ್ಲಿ ರಾಜಿಯಿಲ್ಲ." ಹೋದ ಸಲ ಇದೇ ನೀಲಿಯವರಿಗೆ ಇದೇ ಮಷಿನ್ನಿನಲ್ಲಿ ಅಚ್ಚು ಹಾಕಿದ್ದೆ: "ಐದು ವರ್ಷ ದುಡಿದವರಿಗೆಲ್ಲ ಖಾಯಂ ಪರ್ಮಿಟ್." ಅಧಿಕಾರಕ್ಕೆ ಬಂದರು. ಪರ್ಮಿಟ್ ಬರಲಿಲ್ಲ.

ಇಂಕು ಬದಲಿಸುವಾಗ ರೋಲರ್ ತೊಳೆಯಬೇಕು. ಇವತ್ತು ತೊಳೆಯದೇ ಇದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕರಪತ್ರ ಅತ್ತಿಗೆಗೆ ತೋರಿಸಲಿಲ್ಲ.

ಫೆಬ್ರವರಿ 5

ತೋರಿಸದಿದ್ದರೇನು... ಅತ್ತಿಗೆ ಓಡಿಸುವ ಬಸ್ಸಿನ ಹಿಂಬದಿ ಗಾಜಿಗೇ ಯಾರೋ ಅಂಟಿಸಿದ್ದಾರೆ. ಡಿಪೋದಲ್ಲಿ ನಿಂತು ಪೂರ್ತಿ ಓದಿಕೊಂಡು ಬಂದರಂತೆ.

"ನೀನು ಅಚ್ಚು ಹಾಕಿದ್ದೇನೋ?"

"ಹೌದು ಅತ್ತಿಗೆ."

"ಅದಕ್ಕೇ ಅಕ್ಷರ ನೆಟ್ಟಗಿದ್ದಾನೆ." ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಟೀ ಕೊಟ್ಟರು. "ಕುಡಿ. ಆರಿಹೋಗ್ತಾನೆ."

ಅತ್ತಿಗೆಗೆ ಎಲ್ಲವೂ "ಅವನು". ಟೀ, ಬಸ್ಸು, ಬ್ರೇಕು, ಸರ್ಕಾರ. ಹತ್ತೊಂಬತ್ತನೇ ವಯಸ್ಸಿನಲ್ಲಿ ಗಡಿ ದಾಟಿ ನೂಲಿನ ಮಿಲ್ಲಿಗೆ ದುಡಿಯಲು ಬಂದವರು. ಭಾಷೆ ಇಲ್ಲೇ ಕಲಿತರು, ಓದುವುದನ್ನೂ. ಪೌರತ್ವ, ಬಸ್ಸಿನ ಕೆಲಸ ಮದುವೆಯಾದ ಮೇಲೆ. ಮಿಲ್ಲಿನ ಗೇಟಿನಲ್ಲಿ ಅಣ್ಣ ಪಾರ್ಟಿ ಕರಪತ್ರ ಹಂಚುತ್ತಿದ್ದನಂತೆ. "ಓದೋಕೆ ಬರಲ್ಲ, ಏನು ಬರೆದಿದ್ದಾನೆ ಹೇಳಿ" ಎಂದರಂತೆ ಈಕೆ. ಅಣ್ಣ ಕೊನೆಯ ಸಾಲಿನವರೆಗೂ ಓದಿ ಹೇಳಿದ. ಮಾರನೆಯ ದಿನ ಬೇರೆ ಕರಪತ್ರ ಇಲ್ಲದೆ ಅದನ್ನೇ ಇನ್ನೊಮ್ಮೆ ಓದಿದ. ಹೀಗೆ ಆಯಿತು ಮದುವೆ. ನಮ್ಮ ಮನೆಗೆ ಪಾರ್ಟಿ ಕೊಟ್ಟ ಒಂದೇ ಒಂದು ಲಾಭ.

ಫೆಬ್ರವರಿ 12

ಪರ್ಮಿಟ್ ತಪಾಸಣೆ ಶುರು. ಬೀದಿಗಳಲ್ಲಿ ಜೀಪುಗಳು. ಅವಧಿ ಮುಗಿದ ಕಾರ್ಡ್ ಇದ್ದವರನ್ನು ಹತ್ತಿಸಿಕೊಂಡು ಹೋಗುತ್ತಾರೆ. ರಿನ್ಯೂ ಮಾಡಿಸಲು ಕೊಟ್ಟವರ ಕಾರ್ಡುಗಳು ಅವರದೇ ಆಫೀಸಿನಲ್ಲಿ ತಿಂಗಳುಗಟ್ಟಲೆ ಧೂಳು ತಿನ್ನುತ್ತಿವೆ. ಇದೊಳ್ಳೆ ನ್ಯಾಯ.

ಎದುರುಮನೆಯ ರಿಟೈರ್ಡ್ ಪೋಸ್ಟ್‌ಮ್ಯಾನ್ ಬಂದಿದ್ದರು. ಕಿಡ್ನಿ ಚಿಕಿತ್ಸೆಗೆ ಅತ್ತಿಗೆಯ ಮೊದಲ ಬಸ್ಸಿನಲ್ಲೇ ಆಸ್ಪತ್ರೆಗೆ ಹೋಗುವವರು.

"ಕೋಪ ಮಾಡ್ಕೋಬೇಡಮ್ಮ. ಆಸ್ಪತ್ರೆ ತುಂಬ ಹೊರಗಿನವರೇ. ನನ್ನ ಸರದಿ ಬರೋ ಹೊತ್ತಿಗೆ ಜೀವ ಹಣ್ಣಾಗುತ್ತೆ."

ಅಣ್ಣ ಪಾರ್ಟಿ ಭಾಷಣ ಶುರು ಮಾಡಲು ಗಂಟಲು ಸರಿಪಡಿಸಿಕೊಂಡ. ಅಷ್ಟರಲ್ಲಿ ಅತ್ತಿಗೆ, "ಕ್ಯೂ ಉದ್ದ ಇದ್ದಾನೆ ಮಾಮ, ಸುಳ್ಳಲ್ಲ. ಅದಕ್ಕೆ ಇನ್ನೊಬ್ಬ ಡಾಕ್ಟರ್ ಕೊಡಿ ಅಂತ ಕೇಳಬೇಕಾ, ಹಿಂದೆ ನಿಂತೋನನ್ನ ತಳ್ಳಿ ಅಂತ ಕೇಳಬೇಕಾ?"

ಪೋಸ್ಟ್‌ಮ್ಯಾನ್ ಮಾಮ ಒಪ್ಪಲಿಲ್ಲ. ಟೀ ಮಾತ್ರ ಪೂರ್ತಿ ಕುಡಿದರು.

ಫೆಬ್ರವರಿ 20, ಗುರುವಾರ

ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

ಬೆಳಗಿನ ಮೊದಲ ಬಸ್ಸು. ಒಳಗೆಲ್ಲ ಕೆಲಸಕ್ಕೆ ಹೋಗುವವರು. ನದಿಯ ಸೇತುವೆಯ ನಡುಮಧ್ಯೆ ಜೀಪು ಅಡ್ಡ ಬಂತು. ಇನ್‌ಸ್ಪೆಕ್ಟರ್ ಇಳಿದು ಬಾಗಿಲು ಬಡಿದ.

"ಬಾಗಿಲು ತೆಗೀರಿ. ಕಾರ್ಡ್ ಚೆಕಿಂಗ್."

"ಇಲ್ಲಿ ಸ್ಟಾಪ್ ಇಲ್ಲ ಸಾರ್."

"ನಾನು ಹೇಳ್ತಾ ಇದ್ದೀನಲ್ಲ."

"ನೀವು ಹೇಳಿದ್ರೆ ಸ್ಟಾಪ್ ಆಗಲ್ಲ. ಬೋರ್ಡ್ ಇರಬೇಕು. ಮುಂದೆ ಮಾರ್ಕೆಟ್ ಸ್ಟಾಪ್. ಅಲ್ಲಿ ತೆಗೀತೀನಿ."

ಅವನು ಕೂಗಾಡಿದ. ಅತ್ತಿಗೆ ಸ್ಟೀರಿಂಗ್ ಮೇಲಿನ ಕೈ ತೆಗೆಯಲಿಲ್ಲ. ಹೋದ ವಾರ ಇದೇ ಸೇತುವೆಯ ಮೇಲೆ ಇನ್ನೊಬ್ಬ ಡ್ರೈವರ್ ಬಾಗಿಲು ತೆಗೆದಿದ್ದ. ಗಾಬರಿಯಲ್ಲಿ ಇಳಿದು ಓಡಿದವನೊಬ್ಬ ಲಾರಿಗೆ ಸಿಕ್ಕಿದ. ಆಮೇಲೆ ಡಿಪೋದವರೇ ಆರ್ಡರ್ ಹೊರಡಿಸಿದ್ದರು, ಸ್ಟಾಪ್ ಇಲ್ಲದ ಕಡೆ ಬಾಗಿಲು ತೆಗೆಯಕೂಡದು ಎಂದು. ಹಿಂದೆ ವಾಹನಗಳ ಹಾರ್ನ್ ಜೋರಾಯಿತು. ಕೊನೆಗೆ ಜೀಪು ಸರಿಯಲೇಬೇಕಾಯಿತು.

ಮಾರ್ಕೆಟ್ ಸ್ಟಾಪ್. ಜೀಪೂ ಹಿಂದೆಯೇ ಬಂತು. ಅಲ್ಲಿ ಜಾತ್ರೆಯ ಹಾಗೆ ಜನ. ಅತ್ತಿಗೆ ಮೊದಲು ತಾವು ಇಳಿದರು. ಮೆಟ್ಟಿಲ ಪಕ್ಕ ನಿಂತು, "ನಿಧಾನ, ಯಾರೂ ಓಡಬೇಡಿ" ಎನ್ನುತ್ತ ಒಬ್ಬೊಬ್ಬರನ್ನೇ ಇಳಿಸಿದರು. ಅಷ್ಟು ಜನರ ಮುಂದೆ ಆ ಇನ್‌ಸ್ಪೆಕ್ಟರನ ಅಬ್ಬರ ತಗ್ಗಿತು. ಆದರೂ ಇಬ್ಬರನ್ನು ಹಿಡಿದ. ಆಫೀಸು ಗುಡಿಸುವ ಹುಡುಗಿ ಒಬ್ಬಳು. ಅತ್ತಿಗೆಯ ಹಿಂದಿನ ಸೀಟಿನಲ್ಲೇ ಕೂರುವ ಮುದುಕ ಇನ್ನೊಬ್ಬ, ಟೈಲ್ಸ್ ಹಾಕುವವನು.

"ಹೆಸರು ಹೇಳಿ!" ಎಂದು ಅತ್ತಿಗೆ ಕೂಗಿದರಂತೆ. "ಜೋರಾಗಿ ಹೇಳಿ, ಎಲ್ಲರಿಗೂ ಕೇಳಿಸಲಿ!"

ಇಬ್ಬರೂ ಹೆಸರು ಕೂಗಿ ಹೇಳಿದರು. ಮಾರ್ಕೆಟ್ಟಿನವರು ಕೇಳಿಸಿಕೊಂಡರು. ಇನ್ನು ಜೀಪಿನವರು, ಇವರನ್ನು ನಾವು ಹಿಡಿದೇ ಇಲ್ಲ ಎನ್ನುವ ಹಾಗಿಲ್ಲ.

ಇದನ್ನೆಲ್ಲ ಹೇಳಿದ್ದು ಪೋಸ್ಟ್‌ಮ್ಯಾನ್ ಮಾಮ. ಅತ್ತಿಗೆಯನ್ನು ಕೇಳಿದರೆ ಊಟದ ಡಬ್ಬಿ ತೊಳೆಯುತ್ತ, "ಟ್ರಿಪ್ ಲೇಟ್ ಆದ" ಎಂದರು ಅಷ್ಟೆ.

ಫೆಬ್ರವರಿ 22

ಸಸ್ಪೆಂಡ್. ಸರ್ಕಾರಿ ಕೆಲಸಕ್ಕೆ ಅಡ್ಡಿ, ಎಂದು.

ಅಣ್ಣ ಇಸ್ತ್ರಿ ಶರ್ಟು ಹಾಕಿ ಹೊರಟ. "ಸಾಹೇಬರು ಒಂದು ಫೋನ್ ಮಾಡಿದ್ರೆ ಮುಗೀತು. ಅವರಿಗಾಗಿ ಎಷ್ಟು ಗೋಡೆಗೆ ಅಂಟು ಹಚ್ಚಿಲ್ಲ ನಾನು?"

ಸಂಜೆ ಬಂದ. ಚಪ್ಪಲಿ ಬಿಡದೆ ಒಳಗೆ ಬಂದು ಕೂತ.

"ಏನಂದ್ರು ಸೆಕ್ರೆಟರಿಗಳೇ?" ಅತ್ತಿಗೆ ಗಂಡನನ್ನು ರೇಗಿಸುವುದು ಹೀಗೆಯೇ.

"ಎಲೆಕ್ಷನ್ ಮುಗೀಲಿ ಅಂದ್ರು."

"ಮತ್ತೆ?"

"...ನೀನು ತಪ್ಪಾಯ್ತು ಅಂತ ಬರೆದುಕೊಟ್ರೆ ಒಳ್ಳೇದು ಅಂದ್ರು."

"ಮತ್ತೆ?"

ಅಣ್ಣ ತಲೆ ಎತ್ತಲಿಲ್ಲ. "ಸ್ವಲ್ಪ ದಿನ ಮನೆಯವರನ್ನ ಸಭೆಗೆ ಕರ್ಕೊಂಡು ಬರಬೇಡಿ ಅಂದ್ರು."

ಅತ್ತಿಗೆ ಅವನ ಕಾಲಿನ ಚಪ್ಪಲಿ ತಾವೇ ಬಿಚ್ಚಿ ಹೊರಗಿಟ್ಟು ಬಂದರು. ನನಗೆ ಅಲ್ಲಿ ನಿಲ್ಲಲಾಗದೆ ಮೇಲಿನ ರೂಮಿಗೆ ಬಂದೆ.

ಫೆಬ್ರವರಿ 25

ಇವತ್ತು ಹಸಿರಿನವರ ಪ್ರವೇಶ. ಸೂಟು ಹಾಕಿದವನೊಬ್ಬ, ಹೂಗುಚ್ಛ ಸಮೇತ. ನೀಲಿ ಸರ್ಕಾರ ತನ್ನ ಸೆಕ್ರೆಟರಿಯ ಹೆಂಡತಿಯನ್ನೇ ಬೀದಿಗೆ ಹಾಕಿತು ಎಂದು ಅತ್ತಿಗೆ ಹೇಳಬೇಕಂತೆ, ವೇದಿಕೆ ಕೊಡುತ್ತಾರಂತೆ.

"ವೇದಿಕೆ ಕೊಡ್ತೀರಾ. ಆಮೇಲೆ ನನ್ನ ಬಸ್ಸಿನ ಜನಕ್ಕೆ ಏನು ಕೊಡ್ತೀರಾ?"

"ಅದು ಪಾಲಿಸಿ ವಿಷಯ ಮೇಡಂ..."

"ನಿಮ್ಮ ಪಾಲಿಸಿ ಓದಿದ್ದೀನಿ. ನನ್ನ ಮೈದುನನೇ ಅಚ್ಚು ಹಾಕಿದ್ದು."

ಹೂವು ಬಿಟ್ಟು ಹೋದ. ಹೂವು ಏನು ತಪ್ಪು ಮಾಡಿದ್ದಾನೆ ಎಂದು ಅತ್ತಿಗೆ ನೀರಲ್ಲಿಟ್ಟರು.

ಮಾರ್ಚ್ 9, ಭಾನುವಾರ

ವಾರ್ಡ್ ಸಭೆ. ಬರಬೇಡಿ ಎಂದವರ ಎದುರಿಗೇ ಅತ್ತಿಗೆ ಡ್ರೈವರ್ ಯೂನಿಫಾರ್ಮ್ ಹಾಕಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತರು. ಅಣ್ಣ ವೇದಿಕೆಯ ಮೇಲೆ, ತುದಿ ಕುರ್ಚಿ. ಸಾಹೇಬರು ಭಾಷಣ ಮುಗಿಸಿ, "ಪ್ರಶ್ನೆ ಇದ್ರೆ ಕೇಳಿ" ಎಂದರು. ಯಾರೂ ಕೇಳುವುದಿಲ್ಲ ಎಂಬ ಧೈರ್ಯ.

ಅತ್ತಿಗೆ ಎದ್ದು ನಿಂತರು.

"ಹೋದ ಸಲ ಪಾರ್ಟಿ ನಮ್ಮ ಬೀದಿಗೆ ಬಂದಿದ್ದ. ದುಡಿದವರಿಗೆಲ್ಲ ಪರ್ಮಿಟ್ ಕೊಡ್ತೀನಿ ಅಂದಿದ್ದ. ನಾನೂ ಮನೆಮನೆಗೆ ಹೋಗಿ ಅವನ ಮಾತು ಹೇಳಿದ್ದೆ. ಈಗ ಜನ ನನ್ನ ಕೇಳ್ತಾರೆ. ಎಲ್ಲಿಗೆ ಹೋದ ಅವನು?"

ಹಿಂದೆ ಯಾರೋ ಕಿಸಕ್ಕೆಂದರು. ಪಾರ್ಟಿಯನ್ನು "ಅವನು" ಎಂದಿದ್ದಕ್ಕೆ. ನಗು ಹಬ್ಬಿತು. ಅತ್ತಿಗೆ ಕೂರಲಿಲ್ಲ. ನಗು ಮುಗಿಯುವವರೆಗೂ ನಿಂತೇ ಇದ್ದರು. ಆಮೇಲೆ ಅದೇ ಮಾತು, ಅದೇ ದನಿಯಲ್ಲಿ:

"ಎಲ್ಲಿಗೆ ಹೋದ?"

ಈ ಸಲ ಯಾರೂ ನಗಲಿಲ್ಲ. ಸಾಹೇಬರು ಹಲ್ಲು ತೋರಿಸಿದರು. "ತಾಯಿ, ಭಾವನೆ ಅರ್ಥ ಆಗುತ್ತೆ. ಆದರೆ ಕಾಲ ಬದಲಾಗಿದೆ."

"ಕಾಲ ಅಲ್ಲ ಸಾಹೇಬರೇ" ಎಂದ ಅಣ್ಣ. ಮೈಕಿಲ್ಲದೆ. ತುದಿ ಕುರ್ಚಿಯಿಂದ. "ಅದೇ ಜನ, ಅದೇ ಬೀದಿ. ನಾನು ದಿನಾ ನೋಡ್ತೀನಿ. ಬದಲಾಗಿದ್ದು ನಾವು."

ಜೇಬಿನಿಂದ ವಾರ್ಡ್ ಆಫೀಸಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. ಮೆಟ್ಟಿಲಿಳಿದು ಬಂದು ಅತ್ತಿಗೆಯ ಪಕ್ಕ ನಿಂತ. ಕುರ್ಚಿ ಖಾಲಿ ಇರಲಿಲ್ಲ. ಇಬ್ಬರೂ ನಿಂತೇ ಇದ್ದರು. ನಾನೂ ಎದ್ದೆ. ಎದ್ದವರು ಇನ್ನೂ ಕೆಲವರಿದ್ದರು, ತುಂಬ ಏನಲ್ಲ.

ಮಾರ್ಚ್ 11

ಅಣ್ಣ ಎರಡು ದಿನದಿಂದ ಮಲಗಿದ್ದಾನೆ. ಬೆನ್ನು ನೋವಂತೆ. ಗೋಡೆಯ ಮೇಲಿದ್ದ ಪಾರ್ಟಿ ಕ್ಯಾಲೆಂಡರ್ ತೆಗೆಯಲೇ ಎಂದು ಕೇಳಿದೆ. "ಇರಲಿ ಬಿಡು. ತಾರೀಕು ಅವರಪ್ಪನದಲ್ಲ."

ಏಪ್ರಿಲ್ 2

ಬರೆಯಲು ಪುರುಸೊತ್ತಿರಲಿಲ್ಲ.

ಅಣ್ಣನ ಬೆನ್ನು ನೆಟ್ಟಗಾಗಿದೆ. ಅತ್ತಿಗೆಯೇ ಎಬ್ಬಿಸಿದ್ದು. "ಈ ವಾರ್ಡಿನಲ್ಲಿ ನಿಮಗೆ ಗೊತ್ತಿಲ್ಲದ ಮನೆ ಯಾವುದು? ಗೊತ್ತಿಲ್ಲದ ಗುಮಾಸ್ತ ಯಾರು? ಅದನ್ನೂ ಸಾಹೇಬರ ಮೇಜಿನ ಮೇಲೆ ಇಟ್ಟು ಬಂದ್ರಾ?" ಈಗ ದಿನಾ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಪರ್ಮಿಟ್ ಆಫೀಸಿನ ಮುಂದೆ. ಕಾರ್ಡು ಸಿಕ್ಕಿಹಾಕಿಕೊಂಡವರ ಜೊತೆ ಕ್ಯೂ ನಿಲ್ಲುವುದು, ಗುಮಾಸ್ತರ ಜೊತೆ ಗುದ್ದಾಡುವುದು. ಬಾವುಟ ಇಲ್ಲ, ಜೈಕಾರ ಇಲ್ಲ.

ಗುಡಿಸುವ ಹುಡುಗಿ ಬಿಡುಗಡೆ. ಮಾರ್ಕೆಟ್ಟಿನವರು ಸಾಕ್ಷಿ ಹೇಳಿದ್ದು ಕೆಲಸಕ್ಕೆ ಬಂತು.

ಟೈಲ್ಸ್ ಮುದುಕನನ್ನು ಗಡಿ ದಾಟಿಸಿಬಿಟ್ಟರು. ಇವರು ಬಿಡುಗಡೆಯ ಕಾಗದ ಹಿಡಿದು ಹೋದಾಗ ವ್ಯಾನು ಹೊರಟುಹೋಗಿತ್ತು. ಈ ಊರಿನ ಅರ್ಧ ಬಚ್ಚಲುಗಳ ನೆಲ ಅವನು ಹಾಕಿದ್ದು. ಅತ್ತಿಗೆ ಅತ್ತಿದ್ದನ್ನು ಮೊದಲ ಸಲ ನೋಡಿದೆ. ಸಿಂಕಿನ ಕಡೆ ತಿರುಗಿ, ನಲ್ಲಿ ಬಿಟ್ಟುಕೊಂಡು.

ಏಪ್ರಿಲ್ 16

ಡಿಪೋದಲ್ಲಿ ವಿಚಾರಣೆ. ಯೂನಿಯನ್ ಕಡೆಯವನು ಬರಲಿಲ್ಲ. ಅವನೂ ಪಾರ್ಟಿಯವನೇ. ಬಂದವರು ಪೋಸ್ಟ್‌ಮ್ಯಾನ್ ಮಾಮ, ಚಿಕಿತ್ಸೆಯ ದಿನ ತಪ್ಪಿಸಿಕೊಂಡು.

ಮೂರು ಜನ ಅಧಿಕಾರಿಗಳು. ಮಾಮ ಕೋಲೂರಿ ನಿಂತು ಹೇಳಿದ್ದು:

"ಹೊರಗಿನವರು ಜಾಸ್ತಿ ಆದ್ರು ಅನ್ನೋದು ನನ್ನ ಅಭಿಪ್ರಾಯ. ಇವತ್ತೂ ಅದೇ. ಈ ಹೆಣ್ಣುಮಗಳಿಗೆ ಮುಖಕ್ಕೇ ಹೇಳಿದ್ದೀನಿ. ಆದ್ರೆ ಅವತ್ತು ಸೇತುವೆ ಮೇಲೆ ನಾನೂ ಬಸ್ಸಲ್ಲಿದ್ದೆ. ಬಾಗಿಲು ತೆಗೆದಿದ್ರೆ ಜನ ಲಾರಿ ಕೆಳಗೆ ಬೀಳೋರು, ಇಲ್ಲ ನದಿಗೆ. ನೂಕುನುಗ್ಗಲಲ್ಲಿ ನಾನೂ ಉಳೀತಿರಲಿಲ್ಲ. ನಿಮ್ಮ ಆರ್ಡರ್ ಪಾಲಿಸಿದ್ದಕ್ಕೆ ನೀವೇ ಶಿಕ್ಷೆ ಕೊಡೋದಾದ್ರೆ, ಆರ್ಡರ್ ಯಾಕ್ರೀ ಹೊರಡಿಸ್ತೀರಾ?"

ನಡುವಿನ ಅಧಿಕಾರಿ ಅತ್ತಿಗೆಯನ್ನು ಕೇಳಿದ: "ಬಸ್ಸಲ್ಲಿ ನಿಮ್ಮ ಕಡೆಯವರು ಇದ್ರು ಅಂತ ತಾನೇ ತೆಗೀಲಿಲ್ಲ?"

"ಹೌದು ಸಾರ್. ಟಿಕೆಟ್ ತಗೊಂಡು ಕೂತವರೆಲ್ಲ ನನ್ನ ಕಡೆಯವರೇ. ಇಳಿಯೋವರೆಗೆ."

ಉತ್ತರ ಕಾಗದದಲ್ಲಿ ತಿಳಿಸುತ್ತೇವೆ ಎಂದರು.

ಏಪ್ರಿಲ್ 27

ಮತದಾನ. ಬೂತಿನ ಹೊರಗಿನ ನೀಲಿ ಟೇಬಲ್ಲಿನಲ್ಲಿ ಅಣ್ಣನ ಜಾಗದಲ್ಲಿ ಬೇರೆ ಯಾರೋ. ಅಣ್ಣ ಎಲ್ಲರ ಹಾಗೆ ಸಾಲಿನಲ್ಲಿ ನಿಂತ. ನಿಂತು ಅಭ್ಯಾಸವಿಲ್ಲ, ಕೈ ಎಲ್ಲಿಡಬೇಕೆಂದು ಗೊತ್ತಾಗುತ್ತಿರಲಿಲ್ಲ. ಹೊರಗೆ ಬಂದಮೇಲೆ ಹೆಂಡತಿಯನ್ನು ಕೇಳಿದ: "ಯಾರಿಗೆ ಹಾಕ್ದೆ?" ಇಷ್ಟು ವರ್ಷದಲ್ಲಿ ಕೇಳುವ ಪ್ರಮೇಯವೇ ಬಂದಿರಲಿಲ್ಲ.

"ಹೇಳಲ್ಲ. ಗುಪ್ತ ಮತದಾನ."

ನಕ್ಕುಬಿಟ್ಟ. ಮನೆಯವರೆಗೂ ನಗುತ್ತಲೇ ಬಂದ, ಕಣ್ಣು ಒರೆಸಿಕೊಳ್ಳುತ್ತ.

ಮೇ 4

ಸಾಹೇಬರು ಗೆದ್ದರು, ಕೂದಲೆಳೆಯಲ್ಲಿ. ಪ್ರೆಸ್ಸಿಗೆ ಧನ್ಯವಾದದ ಪೋಸ್ಟರ್ ಬಂದಿದೆ. ಅದೇ ಫೋಟೊ.

ಡಿಪೋದಿಂದಲೂ ಕಾಗದ ಬಂತು. ಎಚ್ಚರಿಕೆ ಕೊಟ್ಟು ಕೆಲಸಕ್ಕೆ ವಾಪಸ್. ಮನೆಯಲ್ಲಿ ಕೂತ ದಿನಗಳ ಸಂಬಳ ಖೋತಾ. ಹಗಲಿನ ರೂಟ್ ಕೊಡಲೇ ಎಂದು ಮ್ಯಾನೇಜರ್ ಕೇಳಿದರಂತೆ, ಆರಾಮದ್ದು. ಬೇಡ, ಮೊದಲ ಬಸ್ಸೇ ಬೇಕು ಎಂದರಂತೆ ಅತ್ತಿಗೆ.

ವಾರ್ಡ್ ಎಲೆಕ್ಷನ್ನಿಗೆ ನೀವೇ ನಿಲ್ಲಿ ಎಂದು ಸಂಜೆ ಕೆಲವರು ಬಂದು ಕೇಳಿದರು. "ಮೊದಲು ಬಸ್ಸು ಸ್ಟಾರ್ಟ್ ಆಗಲಿ" ಎಂದು ಕಳಿಸಿದರು. ಇಲ್ಲ ಎಂದಂತೂ ಹೇಳಲಿಲ್ಲ.

ಮೇ 5, ಬೆಳಗಿನ ಜಾವ

ಅತ್ತಿಗೆ ಆಗಲೇ ಡಿಪೋಗೆ ಹೋಗಿಯಾಯಿತು. ನಾನು ಎದ್ದಿದ್ದು ಕೆಳಗಿನ ಗಲಾಟೆಗೆ. ಏಳು ಗಂಟೆಗೆ ಮುಂಚೆ ಕಣ್ಣು ಬಿಡದ ಅಣ್ಣ ಸ್ನಾನ ಮಾಡಿ ತಲೆ ಬಾಚಿಕೊಂಡು ನಿಂತಿದ್ದಾನೆ. ಎಲ್ಲಿಗೆ ಎಂದೆ.

"ಅವಳ ಬಸ್ಸಿಗೆ. ಒಂದು ರೌಂಡ್."

ಹೆಂಡತಿ ಇಷ್ಟು ವರ್ಷ ಬಸ್ಸು ಓಡಿಸಿದ್ದಾಳೆ, ಇವನು ಒಮ್ಮೆಯೂ ಹತ್ತಿಲ್ಲವಂತೆ. ಯಾವಾಗ ನೋಡಿದರೂ ಪಾರ್ಟಿ ಜೀಪು. ಪೋಸ್ಟ್‌ಮ್ಯಾನ್ ಮಾಮ ಆಗಲೇ ಗೇಟಿನಲ್ಲಿ ಕೋಲು ಕುಟ್ಟುತ್ತಿದ್ದಾರೆ. ನಾನೂ ಹೊರಟೆ, ಪ್ರೆಸ್ಸಿಗೆ ಲೇಟಾದರೆ ಆಗಲಿ. ಶರ್ಟಿನ ಗುಂಡಿ ಹಾಕುತ್ತ ಇಷ್ಟು ಬರೆದೆ. ಅಣ್ಣ ಮೆಟ್ಟಿಲ ಹತ್ತಿರ ನಿಂತು ಬೊಬ್ಬೆ ಹೊಡೆಯುತ್ತಿದ್ದಾನೆ, "ಬೇಗ ಬಾರೋ, ಸ್ಟಾಪಿನಲ್ಲಿ ನಿಂತಿರದಿದ್ರೆ ಗಂಡ ಅಂತಾನೂ ನೋಡಲ್ಲ ಅವಳು, ಬಿಟ್ಟು ಹೋಗ್ತಾ—"