ಬಂಡ್ರಿಯಲ್ಲಿ ನೀವು ಕುಡಿದ ನೀರಿನ ಕುರಿತು

ಹಳ್ಳ ನೋಡದೆಯೇ ಹಳ್ಳದ ವರದಿ ಬರೆದ ತಜ್ಞರ ಸಮಿತಿಯ ಅಧ್ಯಕ್ಷರೇ,

ನಿಮ್ಮ ವರದಿಗೆ ನಾನು ಸಹಿ ಹಾಕುವುದಿಲ್ಲ. ಫೋನಿನಲ್ಲಿ ಹೇಳಿದೆ, ಬರೆದೂ ತಿಳಿಸಿದೆ. ನೀವು ‘ಇನ್ನೊಮ್ಮೆ ಯೋಚನೆ ಮಾಡಿ’ ಅಂದಿರಿ. ಮಾಡಿದೆ. ಯೋಚಿಸಿದಷ್ಟೂ ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ, ಕಡೆಗೆ ಈ ಪತ್ರವನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ. ಊರವರೆಲ್ಲ ಓದಲಿ. ನಿಮ್ಮ ವರದಿಯನ್ನಂತೂ ಅವರು ಓದುವ ಹಾಗಿಲ್ಲ. ಅದು ಇಂಗ್ಲಿಷಿನಲ್ಲಿದೆ, ಸಾಲದ್ದಕ್ಕೆ ಗೋಪ್ಯವಾಗಿಯೂ ಇದೆ.

ಓದುವವರಿಗೆ ವಿಷಯ ತಿಳಿಯಲಿ. ಸಂಡೂರು ತಾಲ್ಲೂಕಿನ ಬಂಡ್ರಿಯ ಮಗ್ಗುಲಲ್ಲಿ ಒಂದು ಹಳ್ಳ ಹರಿಯುತ್ತದೆ. ಅದರ ಮೇಲಿನ ಗುಡ್ಡದಲ್ಲಿ ಅದಿರು ತೆಗೆಯುತ್ತಿದ್ದಾರೆ. ಈಗ ಹಳ್ಳ ಹುಟ್ಟುವ ಜಾಗದಲ್ಲೇ ಇನ್ನೊಂದು ಗಣಿ ತೆರೆಯಲು ಅರ್ಜಿ ಬಿದ್ದಿದೆ. ಇರುವ ಗಣಿಯಿಂದ ನೀರು ಕೆಟ್ಟಿದೆಯೇ ಇಲ್ಲವೇ ಎಂದು ಹೇಳುವುದಕ್ಕೆ ಸಮಿತಿ ಆಯಿತು. ಜಲನೀತಿಯಲ್ಲಿ ಮೂವತ್ತು ವರ್ಷ ಪಳಗಿದ ತಾವು ಅಧ್ಯಕ್ಷರು. ಹೊಸಪೇಟೆಯ ಕಾಲೇಜೊಂದರಲ್ಲಿ ಗುತ್ತಿಗೆಯ ಮೇಲೆ ಪಾಠ ಹೇಳುತ್ತ, ಅದೇ ಹಳ್ಳದ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ‘ಸ್ಥಳೀಯ ಸದಸ್ಯೆ’. ಕೆಟ್ಟಿಲ್ಲ ಎಂದು ನಾವು ಬರೆದರೆ ಗಣಿ ಬರುತ್ತದೆ, ಹಳ್ಳ ಹೋಗುತ್ತದೆ.

ಅವತ್ತು ಏನಾಯಿತೆಂದು ನೆನಪಿಸಲೇ? ಹೊಸಪೇಟೆಯಿಂದ ನೇರ ಬಂಡ್ರಿಗೆ ಹೊರಡಬೇಕಿತ್ತು. ಹಂಪಿ ಇಷ್ಟು ಹತ್ತಿರ ಇಟ್ಟುಕೊಂಡು ನೋಡದೆ ಹೋಗುವುದೇ ಅಂದಿರಿ. ಹೋದೆವು. ಅಲ್ಲಿ ಕಲ್ಲಿನ ಕಾಲುವೆಯ ಪಕ್ಕ ನಿಂತು ಪೂರ್ವಿಕರ ನೀರಿನ ವಿವೇಕದ ಬಗ್ಗೆ ನೀವು ಆಡಿದ ಮಾತು ನಿಜಕ್ಕೂ ಸೊಗಸಾಗಿತ್ತು. ಆ ಕಲ್ಲಿನಲ್ಲಿ ನೀರು ಹರಿದು ಎಷ್ಟು ತಲೆಮಾರಾಯಿತೋ. ಹರಿಯದ ನೀರಿನ ಬಗ್ಗೆ ಮಾತಾಡುವುದು ಎಷ್ಟು ಸುಖ ನೋಡಿ, ಯಾವ ಗಣಿ ಮಾಲೀಕನಿಗೂ ಸಿಟ್ಟು ಬರುವುದಿಲ್ಲ. ಅಲ್ಲಿಂದ ಸಂಡೂರಿನ ದಾರಿ ಹಿಡಿದರೆ ಅದಿರಿನ ಲಾರಿಗಳ ಸಾಲು. ಚೀನಾಕ್ಕೆ ಹೊರಟ ಗುಡ್ಡಗಳಿಗೆ ದಾರಿ ಬಿಟ್ಟುಕೊಡುತ್ತ ಬಂಡ್ರಿ ಮುಟ್ಟುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು, ನಿಮ್ಮ ಬಿಳಿ ಜೀಪು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಹಳ್ಳಕ್ಕೆ ಇನ್ನರ್ಧ ಮೈಲಿ ನಡೆಯಬೇಕು ಅಂದೆ. ನೀವು ನಿಮ್ಮ ಬೂಟು ನೋಡಿಕೊಂಡಿರಿ.

ಹೊಳೆಮ್ಮ ಬಾಗಿಲಿಗೆ ಬಂದದ್ದು ಆಗಲೇ. ಸಂಶೋಧನೆಗೆಂದು ಹೋದಾಗಲೆಲ್ಲ ನಾನು ಉಳಿದುಕೊಳ್ಳುವುದು ಅವಳ ಮನೆಯಲ್ಲಿ. ಮಗ ರಾಯಣ್ಣ ಅದೇ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಾನೆ. “ಬಿಸಲಾಗ ಯಾಕ ನಿಂತೀರಿ? ಒಳಗ ಬರ್ರಿ, ಕುಂದ್ರಿ” ಅಂತ ಕರೆದು, ಬೆಲ್ಲದ ಚೂರು ಇಟ್ಟು, ಬೆಳಗಿದ ತಂಬಿಗೆಯಲ್ಲಿ ನೀರು ಕೊಟ್ಟಳು. ನೀವು ಗಟಗಟ ಕುಡಿದಿರಿ. ಇನ್ನೊಂದು ತಂಬಿಗೆ ಕೇಳಿ ಕುಡಿದಿರಿ. ಆಮೇಲೆ ಸಹಾಯಕನಿಗೆ ಹೇಳಿ ಪರೀಕ್ಷೆಯ ಸೀಸೆಯನ್ನೂ ಅದೇ ಕೊಡದಿಂದ ತುಂಬಿಸಿದಿರಿ.

“ಸರ್, ಇದು ಹಳ್ಳದ ನೀರಲ್ಲ” ಅಂದೆ. “ಜನ ಮನೆಯಲ್ಲಿ ಏನು ಕುಡಿಯುತ್ತಾರೋ ಅದನ್ನೇ ಪರೀಕ್ಷಿಸಬೇಕಮ್ಮ, ಅದೇ ಅಂತರರಾಷ್ಟ್ರೀಯ ಕ್ರಮ” ಅಂದಿರಿ. ಸೀಸೆಯ ಮೇಲೆ ‘ಬಂಡ್ರಿ ಹಳ್ಳ’ ಎಂಬ ಚೀಟಿ ಅಂಟಿತು. ಹೊಳೆಮ್ಮನ ಎದುರು ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ. ವಾಪಸು ಬರುವಾಗ ಜೀಪಿನಲ್ಲಿ ಎಲ್ಲ ಬಿಡಿಸಿ ಹೇಳಿದೆ. ದಾರಿಯಲ್ಲಿ ಸಂಡೂರಿನ ಗೆಸ್ಟ್ ಹೌಸಿನಲ್ಲಿ ಊಟ ಮುಗಿಸಿದ ನಿಮಗೆ ನಿದ್ದೆ ಹತ್ತಿತ್ತು.

ಎಚ್ಚರವಾಗಿದ್ದೀರಿ ಅಂದುಕೊಂಡು ಈಗ ಮತ್ತೆ ಹೇಳುತ್ತೇನೆ. ಆ ನೀರು ಸಂಡೂರಿನ ಅಂಗಡಿಯ ಕ್ಯಾನ್ ನೀರು. ರಾಯಣ್ಣ ಕೊಂಡು ತರುತ್ತಾನೆ, ಅವ್ವ ಕೊಡಕ್ಕೆ ಸುರಿದು ಬಟ್ಟೆ ಮುಚ್ಚಿಡುತ್ತಾಳೆ. ಮನೆಯವರು ಕುಡಿಯುವುದು ಹಳ್ಳದ ನೀರು. ಮೂರು ಪದರ ಸೀರೆಯಲ್ಲಿ ಸೋಸಿದರೂ ತಳದಲ್ಲಿ ಕೆಂಪು ಕೆಸರು ಕೂರುತ್ತದೆ. ನನಗೂ ಮೊದಮೊದಲು ಕ್ಯಾನ್ ನೀರೇ ಸಿಗುತ್ತಿತ್ತು. ಹೋಗಿ ಬಂದು ಬಳಕೆಯಾದ ಮೇಲೆ ಒಂದು ದಿನ ಹೊಳೆಮ್ಮ “ನಮ್ಮಾಕೀನ ಅಲ್ಲೇನು, ಏನಾಕ್ಕೈತಿ” ಅಂತ ನಕ್ಕು ಕೆಂಪು ನೀರಿನ ಲೋಟ ಕೈಗಿಟ್ಟಳು. ಆ ಮನೆಯಲ್ಲಿ ಬೇಕಾದವರಿಗೆ ಮಾತ್ರ ಸಿಗುವ ನೀರು ಅದು. ಹೊಟ್ಟೆ ಕೆಟ್ಟಿತು, ಸಂತೋಷವೂ ಆಯಿತು.

ನಿಮ್ಮ ವರದಿ ಏನನ್ನುತ್ತದೆ? ‘ಗ್ರಾಮದ ಮನೆಯೊಂದರಲ್ಲಿ ಅಧ್ಯಕ್ಷರು ಸ್ವತಃ ಸೇವಿಸಿದ್ದು, ನೀರು ತಿಳಿಯಾಗಿಯೂ ರುಚಿಕರವಾಗಿಯೂ ಇರುವುದು ಕಂಡುಬಂದಿದೆ, ಪ್ರಯೋಗಾಲಯವೂ ಇದನ್ನು ದೃಢಪಡಿಸಿದೆ.’ ದೃಢಪಡಿಸದೆ ಇನ್ನೇನು ಮಾಡೀತು? ದುಡ್ಡು ಕೊಟ್ಟು ತಂದ ನೀರು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದೆ. ಸ್ವಾಮಿ, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅರ್ಧ ಮೈಲಿ ನಡೆದಿದ್ದರೆ ಸೀಸೆಯೂ ಬೇಕಿರಲಿಲ್ಲ, ಬರಿ ಕಣ್ಣು ಸಾಕಿತ್ತು. ಸುಸ್ಥಿರ ನಿರ್ವಹಣೆಯ ಬಗ್ಗೆ ನೀವು ಬರೆದ ಪುಸ್ತಕವನ್ನು ನಾನು ವರ್ಷ ವರ್ಷ ಪಾಠ ಮಾಡುತ್ತೇನೆ. ಅದರ ಮೊದಲ ಅಧ್ಯಾಯದಲ್ಲೇ ‘ನೀರನ್ನು ಅದರ ಮೂಲದಲ್ಲಿ ನೋಡಬೇಕು’ ಅಂದಿದ್ದೀರಿ. ಮಕ್ಕಳಿಂದ ಅಡಿಗೆರೆ ಹಾಕಿಸಿದ್ದೇನೆ. ನಾಳೆ ಅವರಿಗೆ ಏನು ಮುಖ ತೋರಿಸಲಿ?

ಕಳೆದ ವಾರ ನೀವೇ ಫೋನು ಮಾಡಿದಿರಿ. ವಿಶ್ವವಿದ್ಯಾಲಯದ ಹೊಸ ಜಲನೀತಿ ವಿಭಾಗದಲ್ಲಿ ಕಾಯಂ ರೀಡರ್ ಹುದ್ದೆ ಇದೆ, ಆಯ್ಕೆ ಮಾಡುವವರು ತಾವೇ, ಸಹಿ ಬರಿ ಔಪಚಾರಿಕ, ನನಗೆ ಒಳ್ಳೆಯ ಭವಿಷ್ಯವಿದೆ ಅಂದಿರಿ. ಆ ಹುದ್ದೆ ನನಗೆ ಬೇಡವೆಂದರೆ ಸುಳ್ಳಾದೀತು. ಗುತ್ತಿಗೆಯಲ್ಲಿ ಕೂದಲು ನರೆಯಿತು, ಪ್ರತಿ ಜೂನ್ ತಿಂಗಳೂ ಗುತ್ತಿಗೆ ಮುಂದುವರಿಯಿತೋ ಇಲ್ಲವೋ ಅಂತ ಆಫೀಸಿಗೆ ಅಲೆಯುತ್ತೇನೆ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ನಮ್ಮ ಅಪ್ಪ ಮರುಳಸಿದ್ದಪ್ಪನವರಿಗೆ ಹೇಳಿದೆ. “ಸಹಿ ಹಾಕಿ ಕೈ ತೊಳ್ಕೊ ಯವ್ವಾ. ಇಡೀ ಗುಡ್ಡನ ಹೊತ್ಕೊಂಡು ಹೊಂಟಾರ, ನಿನ್ನ ಪೆನ್ನಿಗೆ ನಿಲ್ತಾರೇನು?” ಅಂದರು. ಕಾಲುವೆ ನೀರಿನ ಭತ್ತವನ್ನು ಅಕ್ಕಿ ಮಾಡಿ ನಮ್ಮನ್ನು ಓದಿಸಿದವರು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತಾರೆ. ನಮ್ಮ ಸೀಮೆಯಲ್ಲಿ ಮಾತ್ರ ಉಪ್ಪು ತಿನ್ನುವವರು ಒಬ್ಬರು, ನೀರು ಕುಡಿಯುವವರು ಇನ್ನೊಬ್ಬರು.

ತಡೆಯಲಾಗದೆ ಮತ್ತೆ ಬಂಡ್ರಿಗೆ ಹೋದೆ. ಅವತ್ತು ಕೊಟ್ಟದ್ದು ಕ್ಯಾನ್ ನೀರು ಅಂತ ಸಮಿತಿಯ ಮುಂದೆ ಒಂದು ಮಾತು ಹೇಳು ಸಾಕು ಎಂದು ಹೊಳೆಮ್ಮನನ್ನು ಕೇಳಿಕೊಂಡೆ. ಆಕೆಯ ಮುಖ ಗಂಟಾಯಿತು.

“ಮನೀಗೆ ಬಂದೋರಿಗೆ ಕೊಟ್ಟಿದ್ದನ್ನ ಕೊಂಡು ತಂದಿದ್ದು ಅಂತ ಹೇಳ್ಕೊಂಡು ತಿರುಗ್ಲೇನು? ಅದು ನನ್ನ ಕೈಲೆ ಆಗಂಗಿಲ್ಲ.”

“ಹಂಗಾರ ಅವತ್ತ ಹಳ್ಳದ ನೀರ ಕೊಡಬೇಕಾಗಿತ್ತವ್ವ. ಅವ್ರಿಗೂ ತಿಳೀತಿತ್ತು” ಎಂದು ರೇಗಿದೆ.

“ರಾಡಿ ಕೊಡ್ಲೇನು? ನಾಯಿ ಬಂದ್ರೂ ನಾ ಕೊಡಂಗಿಲ್ಲ. ನೀ ಓದಿದಾಕಿ, ನೀ ಹೇಳು ಹೋಗು, ನಿನಗೇನು ಬಾಯಿಲ್ಲೇನು?”

ನನಗೆ ನಾಚಿಕೆಯಾಯಿತು. ನಾನು ಬರೆಯಬೇಕಾದ್ದನ್ನು ಅವಳ ಮರ್ಯಾದೆಯ ಮೇಲೆ ಹೊರಿಸಲು ಹೋಗಿದ್ದೆ. ಎದ್ದು ಹೊರಟಾಗ ಬಾಗಿಲವರೆಗೆ ಬಂದವಳು ಅವಳ ಮಗಳು ಸುಕನ್ಯಾ. ಹೆರಿಗೆಗೆ ಬಂದವಳು ಇನ್ನೂ ತವರಿನಲ್ಲೇ ಇದ್ದಾಳೆ, ಕಂಕುಳಲ್ಲಿ ಕೂಸು. ಅವ್ವನಿಗೆ ಕೇಳಿಸದ ಹಾಗೆ ಹೇಳಿದಳು: “ಅಕ್ಕಾ, ಈಗೀಗ ಆ ಕ್ಯಾನ್ ನೀರು ಇದರ ಗಂಜಿಗೆ ಅಂತ ಅಣ್ಣ ತರೋದು. ಅವತ್ತ ಸಾಹೇಬ್ರು ಕುಡುದು, ಸೀಸೆ ತುಂಬಿಸ್ಕೊಂಡು ಹೋದಮ್ಯಾಗ ಉಳಿದಿದ್ದಷ್ಟೂ ಖಾಲಿ ಆತು. ಎರಡು ದಿನ ಹಳ್ಳದ ನೀರ ಕಾಸಿ ಹಾಕಿದ್ವಿ. ಭಾಳ ಭೇದಿ ಆತು, ದವಾಖಾನಿಗೆ ಒಯ್ದಿದ್ವಿ. ಈಗ ಅಡ್ಡಿಯಿಲ್ಲ.”

ಅಧ್ಯಕ್ಷರೇ, ಇದನ್ನು ಕೇಳಿದ ಮೇಲೆ ಹೊಸಪೇಟೆಯ ಬಸ್ಸಿನಲ್ಲಿ ನಾನು ಅತ್ತೆ. ಸಿಟ್ಟಿಗೆ ಅತ್ತೆನೋ ದುಃಖಕ್ಕೋ ತಿಳಿಯದು. ನೀವು ಕೆಟ್ಟವರಲ್ಲ ಎಂದು ಬಲ್ಲವರು ಹೇಳುತ್ತಾರೆ, ಇರಬಹುದು. ನಿಮ್ಮ ಬಾಯಾರಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಒಂದು ಕೂಸಿನ ನೀರು ಕುಡಿದು, ಆ ಕೂಸಿನ ಊರಿನಲ್ಲಿ ನೀರು ಚೆನ್ನಾಗಿದೆ ಎಂದು ಬರೆದಿರಿ. ಅದರ ಕೆಳಗೆ ನನ್ನ ಹೆಸರನ್ನೂ ಕೇಳುತ್ತಿದ್ದೀರಿ.

ಆ ವಾಕ್ಯವನ್ನು ಹೊಡೆದುಹಾಕಿ. ವರದಿಯನ್ನು ತಡೆಹಿಡಿಯಿರಿ. ನೀವೇ ಇನ್ನೊಮ್ಮೆ ಬನ್ನಿ, ಹಳ್ಳಕ್ಕಿಳಿದು ನಿಮ್ಮ ಕೈಯಾರೆ ಸೀಸೆ ತುಂಬಿಕೊಳ್ಳಿ. ದಾರಿ ನಾನು ತೋರಿಸುತ್ತೇನೆ. ರೀಡರ್ ಹುದ್ದೆಯನ್ನು ಬೇರೆ ಯಾರಿಗಾದರೂ ಕೊಡಿ. ಒಂದೇ ಕೋರಿಕೆ: ಬರುವ ಸುದ್ದಿಯನ್ನು ಊರಿಗೆ ಮುಂಚಿತವಾಗಿ ತಿಳಿಸಬೇಡಿ, ಮತ್ತು ಎಷ್ಟೇ ನೀರಡಿಸಿದರೂ ಹೊಳೆಮ್ಮನ ಮನೆಯ ಮುಂದೆ ನಿಲ್ಲಬೇಡಿ. ಆಕೆ ಮತ್ತೆ ಕರೆಯುತ್ತಾಳೆ, ಮತ್ತೆ ಅದೇ ನೀರು ಕೊಡುತ್ತಾಳೆ.

ಇಂತಿ, ‘ತಮ್ಮ ವಿಶ್ವಾಸಿ’ ಎಂದು ಬರೆಯಲು ಕೈ ಬಾರದ,
ಶೈಲಜಾ, ಕಂಪ್ಲಿ
(ಮುಂದಿನ ಜೂನ್‌ವರೆಗೆ ಉಪನ್ಯಾಸಕಿ, ಹೊಸಪೇಟೆ)